ಬೇರೆ ಗ್ರಹದವನಿಗೆ ಚಿಕ್ಕಪ್ಪನ ಕೋಟು

ಹಾನುಬಾಳಿನಿಂದ ಸಕಲೇಶಪುರದವರೆಗೆ ಬೇರೆ ಗ್ರಹದವರಿಗೆ ಬಟ್ಟೆ ಹೊಲಿದವಳು ನಾನೊಬ್ಬಳೇ. ಬೇಕಾದರೆ ಯಾರನ್ನಾದರೂ ವಿಚಾರಿಸಿಕೊಳ್ಳಿ. ರವಿಕೆ ಹೊಲಿಯುವವರು ಬಸ್‌ಸ್ಟ್ಯಾಂಡಿನ ಹಿಂದೆ ಸಾಲಾಗಿ ಕೂತಿದ್ದಾರೆ. ಜೀಪಿನ ಟಾಪು ಹೊಲಿಯುವವನು ಒಬ್ಬನಿದ್ದಾನೆ, ಅವನು ಮನುಷ್ಯರಿಗೆ ಪ್ಯಾಂಟು ಹೊಲಿದರೂ ಜೀಪಿನ ಟಾಪಿನ ಹಾಗೇ ಇರುತ್ತದೆ. ಆದರೆ ಆಕಾಶದಿಂದ ಇಳಿದು ಬಂದವನ ಎದೆಗೆ ಟೇಪು ಸುತ್ತಿದವರು ಇನ್ನೊಬ್ಬರು ಸಿಗುವುದಿಲ್ಲ. ಆಗ ನಾನು ಫಸ್ಟ್ ಪಿಯುಸಿಯಲ್ಲಿದ್ದೆ. ಈಗ ಸೆಕೆಂಡ್ ಪಿಯುಸಿ. ಅಂದರೆ ಇದು ಹೋದ ವರ್ಷದ ಮಾತು, ಆದರೆ ನಮ್ಮ ಮನೆಯಲ್ಲಿ ಅದರ ಬಗ್ಗೆ ಈಗಲೇ ಹಳೇ ಕಾಲದ್ದು ಎಂಬಂತೆ ಮೆಲ್ಲಗೆ ಮಾತಾಡುತ್ತಾರೆ.

ಶುರು ಮಾಡಿದ್ದು ವಿಡಿಯೊ ಅಣ್ಣ. ಹಾನುಬಾಳಿನ ಸುತ್ತಮುತ್ತ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲಕ್ಕೂ ಕ್ಯಾಮೆರಾ ಹೊತ್ತುಕೊಂಡು ಬರುವವನು ಅವನೇ. ಹೆಣ್ಣಿನ ತಾಯಿ ಅಳುವುದಕ್ಕೆ ಒಂದು ನಿಮಿಷ ಮೊದಲೇ ಅವನ ಕ್ಯಾಮೆರಾ ಆ ಕಡೆ ತಿರುಗಿರುತ್ತದೆ. ಆಷಾಢ ಬಂತು, ಮದುವೆಗಳು ನಿಂತವು, ಅವನ ತಲೆಯೂ ಸ್ವಲ್ಪ ನಿಂತಿತು ಎಂದು ಕಾಣುತ್ತದೆ. ಒಂದು ವೈಜ್ಞಾನಿಕ ಸಿನಿಮಾ ತೆಗೆಯುತ್ತೇನೆ ಎಂದ. ಭಾನುವಾರ ಮಧ್ಯಾಹ್ನ ಹಾಕುತ್ತೇವೆ ಎಂದು ಸಕಲೇಶಪುರದ ಕೇಬಲ್‌ನವರು ಒಪ್ಪಿದ್ದರಂತೆ. ಕತೆ ಇಷ್ಟು: ದೂರದ ಒಂದು ಗ್ರಹದಲ್ಲಿ ಕಾಫಿ ಗಿಡವೇ ಇಲ್ಲ, ಅಲ್ಲಿನವರಿಗೆ ಬೆಳಗ್ಗೆ ಎದ್ದ ಮೇಲೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಆದ್ದರಿಂದ ಒಬ್ಬನನ್ನು ಬೀಜ ತರಲು ನಮ್ಮ ಕಡೆಗೆ ಕಳಿಸುತ್ತಾರೆ.

ಆ ಒಬ್ಬನ ಪಾತ್ರಕ್ಕೆ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಮಗನನ್ನು ಹಿಡಿದರು. ಕಾರಣ ಅವನ ಉದ್ದ. ಅವನು ನಮ್ಮ ಜೊತೆ ಬಸ್ಸಿನಲ್ಲಿ ಬಾಗಿ ನಿಂತರೆ ತಲೆ ಒಂದು ಸ್ಟಾಪ್ ಮುಂಚೆಯೇ ಇಳಿದುಬಿಡುತ್ತದೆ. ಬಟ್ಟೆಗೆ ನನ್ನನ್ನು ಕರೆದರು. ಕರೆದರು ಎಂದರೆ, ನಾನೇ ಹೋಗಿ ವಿಡಿಯೊ ಅಣ್ಣನ ಅಂಗಡಿಯಲ್ಲಿ ಕೂತು, ಅವನು ಕರೆಯುವವರೆಗೂ ಏಳಲಿಲ್ಲ.

ಬೇರೆ ಗ್ರಹದವನಿಗೆ ಉಡಿಸುವುದು ಮದುಮಗಳಿಗೆ ಉಡಿಸಿದ ಹಾಗಲ್ಲ. ಮದುಮಗಳನ್ನು ಎಲ್ಲರೂ ನೋಡಿದ್ದಾರೆ, ತಪ್ಪಿದರೆ ಹೇಳುತ್ತಾರೆ. ಇವನನ್ನು ಯಾರೂ ನೋಡಿಲ್ಲ, ಆದರೂ ತಪ್ಪಿದರೆ ಎಲ್ಲರಿಗೂ ತಿಳಿಯುತ್ತದೆ. ಮೊದಲು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ಕತ್ತರಿಸಿ ಹೊಲಿದೆ. ಹಾಕಿಸಿ ನೋಡಿದರೆ ಗೊಬ್ಬರದ ಚೀಲಕ್ಕೆ ಕಾಲು ಬಂದಂತಿತ್ತು. ಆಮೇಲೆ ಮಂಟಪಕ್ಕೆ ಕಟ್ಟುವ ಬೆಳ್ಳಿ ಜರಿ ಕಾಗದ ಸುತ್ತಿದೆ. ವಿಡಿಯೊ ಅಣ್ಣ ಕ್ಯಾಮೆರಾದಲ್ಲಿ ಕಣ್ಣಿಟ್ಟು, “ಇವ್ನು ಆಕಾಶದಿಂದ ಬಂದೋನ್ ಥರ ಇಲ್ಲ ಕಣೇ, ಗಂಡಿನ್ ಕಡೆಯೋನ್ ಥರ ಅವ್ನೆ,” ಎಂದ. ರೈಟರ್ ಮಗ ನಾಚಿಕೊಂಡ. ಅವನಿಗೆ ಆ ಮಾತು ಹಿಡಿಸಿತ್ತು.

ಆಗ ನನಗೆ ಕಂಡದ್ದು ಚಿಕ್ಕಪ್ಪನ ಕೋಟು.

ಅದು ಕರಿ ರಬ್ಬರಿನ ಉದ್ದನೆಯ ರೇನ್‌ಕೋಟು. ಮಳೆಗಾಲಕ್ಕೆ ಮುಂಚೆ ಕಾಫಿ ಗಿಡಕ್ಕೆ ಮೈಲುತುತ್ತ ಹೊಡೆಯುವಾಗ ಚಿಕ್ಕಪ್ಪ ಅದನ್ನೇ ತೊಡುತ್ತಿದ್ದನಂತೆ. ವರ್ಷ ವರ್ಷವೂ ಬಿದ್ದ ತುತ್ತದ ನೀರು ಒಣಗಿ, ಭುಜದಿಂದ ಮೊಣಕಾಲಿನವರೆಗೆ ಒಂದು ನೀಲಿ ಹತ್ತಿಕೊಂಡಿತ್ತು. ಅದು ಅಂಗಡಿಯಲ್ಲಿ ಸಿಗುವ ನೀಲಿ ಅಲ್ಲ. ಬೆಳಗಿನಲ್ಲಿ ಒಂದು ಥರ, ಮೋಡದಲ್ಲಿ ಒಂದು ಥರ. ನಡುಮನೆಯ ಗೂಟದಲ್ಲಿ ಅದು ತೂಗುತ್ತಿರುವುದನ್ನು ಮೊದಲ ಸಲ ನೋಡಿದ ನೆಂಟರು ಒಂದು ಹೆಜ್ಜೆ ಹಿಂದಕ್ಕೆ ಇಟ್ಟೇ ಇಡುತ್ತಾರೆ. ಒಳಗೆ ಯಾರೋ ಇದ್ದಾರೆ ಅನ್ನಿಸುತ್ತದೆ.

ಯಾರೂ ಇಲ್ಲ, ಅದೇ ತೊಂದರೆ. ನಾನು ತೊಟ್ಟಿಲು ಬಿಟ್ಟು ಓಡಾಡುವ ವಯಸ್ಸಿನಲ್ಲಿದ್ದಾಗ ಚಿಕ್ಕಪ್ಪ ಒಂದು ಬೆಳಗ್ಗೆ ಹೊಳೆ ಆಚೆಯ ನೆಂಟರ ಮನೆಗೆ ಎಂದು ಹೊರಟ. ಮಳೆ ಬಿಟ್ಟಿತ್ತು, ಕೋಟು ಬೇಡ ಎಂದ. ಸೈಕಲ್ಲು ಹೊಳೆಯ ಈ ದಡದಲ್ಲಿ ಸಿಕ್ಕಿತು. ಚಿಕ್ಕಪ್ಪ ಯಾವ ದಡದಲ್ಲೂ ಸಿಗಲಿಲ್ಲ. ಊರೆಲ್ಲ ಹುಡುಕಿ, ಹೊಳೆ ಇಳಿದ ಮೇಲೆ ಇನ್ನೊಮ್ಮೆ ಹುಡುಕಿ, ಕೊನೆಗೆ ಊರು ಒಂದು ತೀರ್ಮಾನಕ್ಕೆ ಬಂತು. ಅಜ್ಜಿ ಬರಲಿಲ್ಲ. ಮಗ ಎಲ್ಲೋ ಹೋಗಿದ್ದಾನೆ, ಮಳೆ ಹಿಡಿದರೆ ಕೋಟಿಗೆ ಬರುತ್ತಾನೆ, ಅಷ್ಟೆ.

ಅಲ್ಲಿಂದ ಅವನು ಅಲ್ಲಲ್ಲಿ ಕಾಣಿಸಿಕೊಳ್ಳತೊಡಗಿದ. ಮಗ್ಗೆಯ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದ ಎಂದು ಒಬ್ಬರು, ಕೆ. ಹೊಸಕೋಟೆಯಲ್ಲಿ ಮೂಟೆ ಇಳಿಸುತ್ತಿದ್ದ ಎಂದು ಇನ್ನೊಬ್ಬರು. ಪ್ರತಿ ಸಲವೂ ಅಜ್ಜಿ ಅಪ್ಪನನ್ನು ಬಸ್ಸು ಹತ್ತಿಸುತ್ತಿದ್ದಳು. ಅಪ್ಪ ಹೋಗಿ, ಯಾರೋ ಗುರುತಿಲ್ಲದವನ ಮುಖವನ್ನು ಹತ್ತಿರದಿಂದ ನೋಡಿ, ಬೈಸಿಕೊಂಡು ಬರುತ್ತಿದ್ದ. ಆಲೂರು ತಾಲೂಕಿನ ಕಂಡಕ್ಟರುಗಳೆಲ್ಲ ಅಪ್ಪನಿಗೆ ಪರಿಚಯವಾದದ್ದು ಹೀಗೆ.

ಅಪ್ಪ ಕೇಳುತ್ತಿದ್ದದ್ದು ಒಂದೇ. ನಮ್ಮಲ್ಲಿ ಪಿತೃಪಕ್ಷದಲ್ಲಿ ಹೋದವರಿಗೆ ಎಡೆ ಇಡುತ್ತಾರೆ. ನಡುಮನೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಕೈ ಮುಗಿದು, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ನಿಲ್ಲುತ್ತಾರೆ. ಅವರು ಬಂದು ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತೆಗೆಯುತ್ತಾರೆ. ಪ್ರತಿ ವರ್ಷ ತಾತನ ಎಲೆ ಹಾಕುವಾಗ ಅಪ್ಪ ಇನ್ನೊಂದು ಎಲೆಯನ್ನು ಕೈಯಲ್ಲಿ ಹಿಡಿದುಕೊಂಡು, “ಅವ್ವಾ, ಅವ್ನಿಗೂ ಒಂದು ಹಾಕ್ಬುಡಣ. ಎಷ್ಟು ವರ್ಷ ಅಂತ ಹಸ್ಕಂಡು ಅಲೀತಾನೆ,” ಎನ್ನುತ್ತಿದ್ದ.

“ಬದುಕಿರೋನ್ಗೆ ಎಡೆ ಇಡ್ತಾರೇನ್ಲಾ,” ಎನ್ನುತ್ತಿದ್ದಳು ಅಜ್ಜಿ. ಅಪ್ಪ ಆ ಎಲೆಯನ್ನು ಮತ್ತೆ ಕಟ್ಟಿಗೆ ಸೇರಿಸುತ್ತಿದ್ದ.

ಇಂಥ ಕೋಟನ್ನು ಗೂಟದಿಂದ ಇಳಿಸುವುದು ಸಾಮಾನ್ಯರ ಕೆಲಸವಲ್ಲ. ಬಿಸಿಲು ಬಂದ ದಿನ ಅಜ್ಜಿ ಅದನ್ನು ತಾನೇ ಹೊರಗೆ ಹರವಿ, ತಾನೇ ಒರೆಸಿ, ತಾನೇ ನೇತುಹಾಕುತ್ತಿದ್ದಳು. ಬೇರೆ ಯಾರೂ ಮುಟ್ಟುವಂತಿರಲಿಲ್ಲ. ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ.

“ಅಜ್ಜಿ, ಹಾಕ್ಕಳ್ದೆ ಹಂಗೇ ಬಿಟ್ರೆ ರಬ್ಬರ್ ಸೀಳ್ಕಂಬುಡುತ್ತೆ, ಗೊತ್ತಾ?”

“ಯಾರ್ ಹೇಳಿದ್ದು?”

“ಕೆಮಿಸ್ಟ್ರಿ ಪುಸ್ತಕದಾಗೆ ಐತೆ.”

ಆ ಪಾಠ ನಾನು ಓದಿರಲಿಲ್ಲ. ಉಳಿದ ಪಾಠಗಳನ್ನೂ ಓದಿರಲಿಲ್ಲ. ಆದ್ದರಿಂದ ಇಲ್ಲವೆಂದು ಹೇಳುವ ಅಧಿಕಾರ ನನಗಂತೂ ಇರಲಿಲ್ಲ. ಅಜ್ಜಿ ಕೋಟಿನ ತೋಳನ್ನು ಸವರಿ ನೋಡಿದಳು. ಮೊಣಕೈ ಹತ್ತಿರ ಸಣ್ಣ ಬಿರುಕುಗಳಿದ್ದವು. ನನ್ನ ಕೆಮಿಸ್ಟ್ರಿ ನನ್ನನ್ನೇ ಬೆರಗುಗೊಳಿಸಿತು.

“ಮೈ ಬಿಸಿ ತಾಗ್ಬೇಕೇನೋ ಇದ್ಕೆ,” ಎಂದಳು ಅಜ್ಜಿ. “ತಗಂಡೋಗು. ಕತ್ರಿ ಮುಟ್ಟಿಸ್ಬ್ಯಾಡ. ಬಂದಾಗ ಬೈತಾನೆ.”

ಕತ್ತರಿ ಮುಟ್ಟಿಸಲಿಲ್ಲ. ಸೂಜಿಯ ಬಗ್ಗೆ ಅಜ್ಜಿ ಏನೂ ಹೇಳಿರಲಿಲ್ಲ. ಕಾಫಿ ಕುಯ್ಯುವ ಒಂದು ಬಿದಿರಿನ ಬುಟ್ಟಿಯನ್ನು ಕವುಚಿ, ಮೇಲೆ ಬೆಳ್ಳಿ ಕಾಗದ ಅಂಟಿಸಿ, ಕಣ್ಣಿನ ಜಾಗಕ್ಕೆ ಜೀಪಿನ ಗಾಜಿಗೆ ಹಚ್ಚುವ ಕಪ್ಪು ಹಾಳೆ ಕೂರಿಸಿದೆ. ಅದೇ ತಲೆ. ರೈಟರ್ ಮಗ ನಡೆದರೆ ಬುಟ್ಟಿ ತಿರುಗಿ ಕಣ್ಣುಗಳು ಬೆನ್ನ ಕಡೆಗೆ ಹೋಗುತ್ತಿದ್ದವು. ಅದಕ್ಕೆ ಮೂಟೆ ಹೊಲಿಯುವ ದಬ್ಬಳ ತಂದು, ಬುಟ್ಟಿಯ ಅಂಚನ್ನೂ ಕೋಟಿನ ಕಾಲರನ್ನೂ ಸೇರಿಸಿ ಸುತ್ತ ಹೊಲಿದುಬಿಟ್ಟೆ. ಗುಂಡಿಗಳ ಮೇಲೂ ಹೊಲಿದೆ, ಬೇರೆ ಗ್ರಹದಲ್ಲಿ ಗುಂಡಿ ಇರುತ್ತದೆಯೇ? ಕೈಗೆ ಔಷಧಿ ಹೊಡೆಯುವ ಗ್ಲೌಸು. ಬಾಯಿ ಮಾತ್ರ ಇಡಲಿಲ್ಲ.

“ಮಾತಾಡೋದು ಹೆಂಗೆ ಮಾರಾಯ್ತಿ?” ಎಂದ ರೈಟರ್ ಮಗ ಒಳಗಿನಿಂದ.

“ಅವ್ರು ಮನಸ್ನಾಗೇ ಮಾತಾಡ್ತಾರೆ.”

“ಉಣ್ಣೋದು?”

“ನೀನು ಬೀಜ ತಗಂಡೋಗಕ್ಕೆ ಬಂದಿರೋದು ಕಣೋ, ಉಣ್ಣಕ್ಕಲ್ಲ.”

ಎದ್ದು ನಿಂತ. ವಿಡಿಯೊ ಅಣ್ಣ ಕ್ಯಾಮೆರಾದಿಂದ ಕಣ್ಣು ತೆಗೆದು ನೋಡಿದ. ಆ ಕೋಟು ಭಾರಕ್ಕೆ ಭುಜವನ್ನು ಕೆಳಗೆ ಎಳೆಯುತ್ತಿತ್ತು. ರೈಟರ್ ಮಗನ ನಡಿಗೆ ಕುಣಿಯುವ ನಡಿಗೆ, ಅದು ಹೋಗಿ ನಿಧಾನದ, ಒಂದು ಕಡೆ ವಾಲುವ ನಡಿಗೆ ಬಂತು. ಅವನನ್ನು ಅಲ್ಲಿ ಯಾರೂ ಗುರುತಿಸುವಂತಿರಲಿಲ್ಲ. ಗೆದ್ದೆ ಎಂದುಕೊಂಡೆ.

ಶೂಟಿಂಗು ನಮ್ಮ ಮನೆ ಮೇಲಿನ ಹುಲ್ಲುಗುಡ್ಡದಲ್ಲಿ. ಬೆಳಗಿನಿಂದ ಅವನು ಆಕಾಶದಿಂದ ಇಳಿದದ್ದೇ ಇಳಿದದ್ದು. ಒಂದು ಬಂಡೆಯ ಮೇಲಿಂದ ಹಾರುವುದು, ಮತ್ತೆ ಹತ್ತುವುದು. ಮಧ್ಯಾಹ್ನದ ಹೊತ್ತಿಗೆ ಕ್ಯಾಮೆರಾದ ಬ್ಯಾಟರಿ ಮುಗಿಯಿತು. ವಿಡಿಯೊ ಅಣ್ಣ ಚಾರ್ಜ್ ಮಾಡಿಕೊಂಡು ಬರುತ್ತೇನೆ ಎಂದು ಬೈಕು ಹತ್ತಿ ಹಾನುಬಾಳಿಗೆ ಹೋದ. ರೈಟರ್ ಮಗ ಹಸಿವು ಎಂದ. ಹೊಲಿಗೆ ಬಿಚ್ಚಲು ಬ್ಲೇಡು ಬೇಕು, ಬ್ಲೇಡು ಮನೆಯಲ್ಲಿ. ಸರಿ, ಮನೆಗೇ ನಡಿ ಎಂದೆ. ಅಷ್ಟರಲ್ಲಿ ಮಂಜು ಇಳಿಯಿತು. ಅವನು ಮುಂದೆ, ನಾನು ಹಿಂದೆ. ಬೆಳ್ಳಿ ಕಾಗದದ ಚೂರುಗಳು ಉದುರುತ್ತಿದ್ದವು. ಅವನ್ನು ಹೆಕ್ಕಿಕೊಳ್ಳುತ್ತಾ ನಾನು ಸ್ವಲ್ಪ ಹಿಂದುಳಿದೆ.

ಅಜ್ಜಿ ಜಗಲಿಯಲ್ಲಿ ಕೂತಿದ್ದಳು. ಅವಳ ಬಲಗಣ್ಣಿಗೆ ಪೊರೆ ಬಂದಿತ್ತು, ಎಡಗಣ್ಣು ಅದೇ ದಾರಿಯಲ್ಲಿತ್ತು. ನಾನು ಅಂಗಳಕ್ಕೆ ಕಾಲಿಡುವ ಮೊದಲೇ ಅವಳ ದನಿ ಕೇಳಿಸಿತು. ಚಿಕ್ಕಪ್ಪನ ಹೆಸರು ಹಿಡಿದು ಕರೆದಳು. ಮಂಜಿನಲ್ಲಿ ಆ ಹೆಸರು ಒಂದು ಸುತ್ತು ಹೋಗಿ ಬಂದ ಹಾಗಾಯಿತು. ನಮ್ಮ ಮನೆಯಲ್ಲಿ ಅದನ್ನು ಯಾರೂ ಅಷ್ಟು ಜೋರಾಗಿ ಹೇಳಿದ್ದನ್ನು ನಾನು ಕೇಳಿರಲಿಲ್ಲ.

“ಬಂದ್ಯೇನ್ಲಾ ಮಗ. ಇಷ್ಟೊಂದು ತಡ ಮಾಡ್ತಾರಾ?”

ರೈಟರ್ ಮಗ ನಿಂತುಬಿಟ್ಟ. ಬುಟ್ಟಿ ತಲೆ ನನ್ನ ಕಡೆ ತಿರುಗಲು ನೋಡಿತು. ಕಾಲರಿಗೆ ಹೊಲಿದಿದ್ದರಿಂದ ತಿರುಗಲಿಲ್ಲ.

“ಒಳಿಕ್ ಬಾ. ಕೋಟು ಹಾಕ್ಕಂಡೇ ಕುಂತ್ಕ, ಪರ್ವಾಗಿಲ್ಲ,” ಎಂದು ಅಜ್ಜಿ ಅವನ ಗ್ಲೌಸಿನ ಕೈ ಹಿಡಿದು ನಡುಮನೆಗೆ ಕರೆದುಕೊಂಡು ಹೋದಳು. ನಾನು ಓಡಿ ಬಾಗಿಲಿಗೆ ಬಂದು ಬಾಯಿ ತೆರೆದೆ.

“ನೀನ್ ಸುಮ್ಕಿರು ಕೂಸೇ,” ಎಂದಳು, ನನ್ನ ಕಡೆ ನೋಡದೆ.

ಎಲೆ ಹಾಕಿದಳು. ಅಕ್ಕಿ ರೊಟ್ಟಿ, ಕಳಲೆ ಪಲ್ಯ, ಒಂದು ಮುದ್ದೆ ಬೆಣ್ಣೆ. ಎದುರಿಗೆ ಕೂತು ಮನೆಯ ಸುದ್ದಿಯನ್ನೆಲ್ಲ ಹೇಳಿದಳು. ನಿಮ್ಮಣ್ಣನಿಗೆ ಸಕ್ಕರೆ ಕಾಯಿಲೆ ಬಂದಿದೆ, ಬೆಲ್ಲದ ಡಬ್ಬ ಬಚ್ಚಿಟ್ಟಿದ್ದೇನೆ. ನೀನು ಮೇಯಿಸುತ್ತಿದ್ದ ಎಮ್ಮೆ ಹೋಯಿತು, ಅದರ ಮೊಮ್ಮಗಳು ಈಗ ಹಾಲು ಕರೆಯುತ್ತದೆ, ಒದೆಯುವುದು ಮಾತ್ರ ತನ್ನ ಅಜ್ಜಿಯ ಥರವೇ. ಇವಳು ಕಾಲೇಜಿಗೆ ಹೋಗುತ್ತಾಳೆ, ಓದುವುದಿಲ್ಲ. ಅವನು ಚಕ್ಕಳ ಮಕ್ಕಳ ಹಾಕಿ ಕೂತು, ಕಪ್ಪು ಕಣ್ಣುಗಳನ್ನು ಎಲೆಯ ಮೇಲೆ ನೆಟ್ಟಿದ್ದ. ತುತ್ತದ ನೀಲಿ ಆ ಅರೆಬೆಳಕಿನಲ್ಲಿ ಮಿನುಗುತ್ತಿತ್ತು. ನಾನೇ ಹೊಲಿದ ಹೊಲಿಗೆಗಳು ನನಗೆ ಕಾಣಿಸುತ್ತಿದ್ದವು, ಆದರೂ ಅದರೊಳಗೆ ರೈಟರ್ ಮಗ ಇದ್ದಾನೆ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಯಿತು.

“ಉಣ್ಣು.”

ಅವನು ಅಲ್ಲಾಡಲಿಲ್ಲ.

“ಉಣ್ಣಲ್ವಾ?”

ಗ್ಲೌಸಿನ ಕೈ ಎಲೆಯ ಹತ್ತಿರ ಬಂದು, ನಿಂತು, ಮತ್ತೆ ತೊಡೆಯ ಮೇಲೆ ಹೋಯಿತು. ಬಾಯಿ ಇರಬೇಕಾದ ಜಾಗದಲ್ಲಿ ಬರೀ ಬೆಳ್ಳಿ ಕಾಗದ.

ಅಜ್ಜಿ ಬಗ್ಗಿ, ಆ ಜಾಗವನ್ನು ಹತ್ತಿರದಿಂದ ನೋಡಿದಳು. ಬೆರಳಿನಿಂದ ಮುಟ್ಟಿದಳು. ಒಂದು ಸುತ್ತು ಸವರಿದಳು, ಎಲ್ಲಾದರೂ ಒಂದು ಸೀಳು ಸಿಗುತ್ತದೇನೋ ಎಂದು ಹುಡುಕುವವಳ ಹಾಗೆ.

“ಸರಿ ಬುಡು ಮಗ,” ಎಂದಳು. “ತಿಳೀತು.”

ಆಮೇಲೆ ಮಂಡಿಗೆ ಕೈ ಊರಿ ಎದ್ದಳು. ಎಲೆಗೆ ಕೈ ಮುಗಿದಳು. ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದು, ನಡುಮನೆಯ ಬಾಗಿಲನ್ನು ಮುಂದಕ್ಕೆ ಎಳೆದಳು.

ಬಾಗಿಲು ಎಳೆದರೆ ಏನು ಅರ್ಥ ಎಂದು ನಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅದರ ಮುಂದೆ ನಿಂತು ಯಾರೂ ಮಾತಾಡುವುದಿಲ್ಲ, ನಗುವುದಿಲ್ಲ, ಸಂದಿಯಲ್ಲಿ ಇಣುಕುವುದಿಲ್ಲ. ನಾನು ತಾತನ ಎಡೆಗೆ ಇಣುಕಿದ್ದೇನೆ, ತಾತ ಅಂಥ ಸಿಟ್ಟಿನವನಲ್ಲ ಎಂಬ ಧೈರ್ಯದಲ್ಲಿ. ಈ ಸಲ ಇಣುಕಲಿಲ್ಲ. ಒಳಗಿರುವವನು ಹಸಿದ ರೈಟರ್ ಮಗ, ಕೈಗೆಟುಕುವ ಬೆಣ್ಣೆಯ ಮುಂದೆ ಬಾಯಿಲ್ಲದೆ ಕೂತಿದ್ದಾನೆ ಎಂದು ನೆನೆದರೆ ನಗು ಬರಬೇಕಿತ್ತು. ಮಂಜು ಜಗಲಿಯವರೆಗೆ ಬಂದಿತ್ತು. ಒಳಗಿನಿಂದ ರಬ್ಬರ್ ಕರಕರ ಎಂದಿತು, ಯಾರೋ ಉಸಿರೆಳೆದ ಹಾಗೆ. ಅಜ್ಜಿ ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದ್ದಳು. ಅವಳ ಬೆರಳುಗಳು ಇನ್ನೂ ನನ್ನ ರಟ್ಟೆಯಲ್ಲೇ ಇದ್ದವು.

ಎಷ್ಟೋ ಹೊತ್ತಿನ ಮೇಲೆ ಅವಳು ಕೆಮ್ಮಿದಳು. ಬಾಗಿಲು ತಳ್ಳಿದಳು.

ಅವನು ಕೂತ ಹಾಗೇ ಕೂತಿದ್ದ. ಎಲೆ ಹಾಕಿದ ಹಾಗೇ ಇತ್ತು. ಅಜ್ಜಿ ಒಂದು ರೊಟ್ಟಿಯನ್ನು ತೆಗೆದುಕೊಂಡು ಹೋಗಿ ಕಾಗೆಗೆ ಎಂದು ಸೂರಿನ ಹೆಂಚಿನ ಮೇಲಿಟ್ಟಳು. ನನಗೆ, “ಬ್ಲೇಡು ತಗಂಬಾ. ಆ ಹುಡುಗನ್ ತಲೆ ಬಿಚ್ಚು,” ಎಂದಳು. ನಾನು ಹೊಲಿಗೆ ಬಿಚ್ಚಿದೆ. ಬುಟ್ಟಿ ಎತ್ತಿದಾಗ ಒಳಗಿದ್ದ ಮುಖ ರೈಟರ್ ಮಗನದೇ, ಆದರೆ ಒಂದು ವಾರ ಜ್ವರ ಬಂದು ಎದ್ದವನ ಥರ ಬೆಳ್ಳಗಾಗಿತ್ತು. ಕೂದಲು ಹಣೆಗೆ ಅಂಟಿತ್ತು.

“ನೀನಾ ಮಗ,” ಎಂದಳು ಅಜ್ಜಿ. “ಇರು, ಬ್ಯಾರೆ ಎಲೆ ಹಾಕ್ತೀನಿ.”

ಅವನು ತಿಂದ. ಅವನ ಗ್ರಹದಲ್ಲಿ ಕಾಫಿ ಮಾತ್ರವಲ್ಲ, ಅಕ್ಕಿಯೂ ಬೆಳೆಯುವುದಿಲ್ಲ ಎಂಬ ಹಾಗೆ ತಿಂದ. ಅಜ್ಜಿ ಒಳಗೆ ರೊಟ್ಟಿ ತಟ್ಟುತ್ತಿದ್ದಾಗ ನಾನು ಪಿಸುಗುಟ್ಟಿದೆ. “ನಾನು ರೈಟರ್ ಮಗ ಅಂತ ಬಾಯ್ಬಿಟ್ಟು ಹೇಳಕ್ಕೇನಾಗಿತ್ತು ನಿಂಗೆ?”

“ಬಾಯೆಲ್ಲಿಟ್ಟಿದ್ದೆ ನೀನು?” ಎಂದ. ಆಮೇಲೆ ರೊಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು, “ಹೇಳ್ಬೋದಿತ್ತು. ಕೂಗಿದ್ರೆ ಕೇಳ್ತಿತ್ತು. ಆದ್ರೆ ಅವ್ರು ಹಂಗೆ ಕರೆದ್ಮೇಲೆ ನಾನಲ್ಲ ಅನ್ನಕ್ಕಾಗ್ಲಿಲ್ಲ ಮಾರಾಯ್ತಿ. ಬಾಗ್ಲು ಹಾಕ್ದಾಗ ಒಳಗೆ ಒಬ್ನೇ ಇದ್ದೀನಿ ಅಂತ್ಲೂ ಅನ್ನಿಸ್ಲಿಲ್ಲ,” ಎಂದ.

ಮತ್ತೆ ಅವನು ಆ ಕೋಟು ಮುಟ್ಟಲಿಲ್ಲ. ವಿಡಿಯೊ ಅಣ್ಣ ಚಾರ್ಜಾದ ಬ್ಯಾಟರಿ ಹಿಡಿದುಕೊಂಡು ಬಂದು, ಬೈದು, ಕಾಡಿ, ಕೊನೆಗೆ ಬುಟ್ಟಿಯನ್ನು ಒಂದು ಬಿದಿರಿಗೆ ಸಿಕ್ಕಿಸಿ, ಬಿದಿರಿಗೆ ಕಂಬಳಿ ಸುತ್ತಿ ಸಿನಿಮಾ ಮುಗಿಸಿದ. ಕೇಬಲ್‌ನಲ್ಲಿ ಬಂತು. ಮೊದಲರ್ಧದಲ್ಲಿ ಬಂಡೆಯಿಂದ ಹಾರುವವನು ಉಳಿದರ್ಧದಲ್ಲಿ ನಿಂತ ಕಡೆಯಿಂದ ಕದಲುವುದಿಲ್ಲ. ನಮ್ಮ ಕಡೆಯ ಚಳಿ ತಡೆಯದೆ ಹಾಗಾದ ಎಂದು ನಾನು ಎಲ್ಲರಿಗೂ ವಿವರಿಸಿದ್ದೇನೆ.

ಶೂಟಿಂಗಿನ ದಿನ ಸಂಜೆಯೇ ನಾನು ಅಜ್ಜಿಯನ್ನು ಕೇಳಿದ್ದೆ. ಅದು ರೈಟರ್ ಮಗ ಎಂದು ನಿನಗೆ ಮೊದಲೇ ಗೊತ್ತಿತ್ತಾ ಎಂದು.

“ನಡ್ಕಂಡು ಬಂದೋನು ರೈಟರ್ ಮಗ ಕಣೆ,” ಎಂದಳು. “ಒಳಗೆ ಕುಂತಿದ್ದೋನು ಯಾರು ಅಂತ ನಿಂಗೇನು ಗೊತ್ತು?”

ನನಗೆ ಗೊತ್ತಿಲ್ಲ. ಹೊಲಿದವಳು ನಾನೇ, ಆದರೂ ಗೊತ್ತಿಲ್ಲ.

ಅಪ್ಪ ಬಂದಾಗ ಅಜ್ಜಿ ಒಲೆಯ ಮುಂದೆ ಇದ್ದಳು. ತಿರುಗದೆಯೇ ಹೇಳಿದಳು. “ಈ ಸಲ ಪಕ್ಷಕ್ಕೆ ತಮ್ಮಂಗೂ ಒಂದು ಎಲೆ ಹಾಕು.” ಅಪ್ಪ ಕೈಕಾಲು ತೊಳೆಯಲು ಹೊರಟವನು ಚೊಂಬು ಹಿಡಿದುಕೊಂಡು ಅಲ್ಲೇ ನಿಂತ. ಆಮೇಲೆ ಕೊಟ್ಟಿಗೆಗೆ ಹೋದ. ಎಮ್ಮೆಯ ಹಾಲು ಕರೆದಾಗಿತ್ತು, ಹುಲ್ಲು ಹಾಕಿಯಾಗಿತ್ತು, ಅಲ್ಲಿ ಅವನಿಗೆ ಏನೂ ಕೆಲಸವಿರಲಿಲ್ಲ. ಅಮ್ಮ ಊಟಕ್ಕೆ ಕರೆಯಲು ನನ್ನನ್ನು ಕಳಿಸಿದಾಗ ಅಪ್ಪ ಎಮ್ಮೆಯ ಬೆನ್ನಿಗೆ ಹಣೆ ಕೊಟ್ಟು ನಿಂತಿದ್ದ. ಒದೆಯುವ ಎಮ್ಮೆ ಅಂದು ಒದೆಯಲಿಲ್ಲ. ನಾನು ಕರೆಯದೆ ವಾಪಸ್ ಬಂದೆ.

ಪಕ್ಷ ಹತ್ತಿರ ಬಂದಾಗ ಅಜ್ಜಿ ಹಾನುಬಾಳಿನಿಂದ ಬಿಳಿ ಬಟ್ಟೆ ತರಿಸಿದಳು. ಎಡೆಗೆ ಇಡುವ ಅಂಗಿಯನ್ನು ನೀನೇ ಹೊಲಿ ಎಂದಳು. ನನಗೆ ಹೆಮ್ಮೆಯಾಯಿತು. ಅಳತೆಗೆ ಎಂದು ಟ್ರಂಕಿನಿಂದ ಚಿಕ್ಕಪ್ಪನ ಒಂದು ಅಂಗಿ ತೆಗೆದು ನನ್ನ ಮುಂದೆ ಹರವಿದಳು. ಅಷ್ಟು ಸಣ್ಣ ಎದೆ. ರೈಟರ್ ಮಗನಿಗಿಂತ ಸಪೂರ.

“ಅಜ್ಜಿ, ಇದು ಆವಾಗಿನ್ದು. ಈಗ ಇದ್ದಿದ್ರೆ ಅಪ್ಪನ್ ಥರ ಹೊಟ್ಟೆ ಬಂದಿರ್ತಿತ್ತಲ್ಲ. ಸ್ವಲ್ಪ ದೊಡ್ಡದು ಮಾಡ್ಲಾ?”

ಅಜ್ಜಿ ಟೇಪನ್ನು ಕೈಗೆ ತೆಗೆದುಕೊಂಡು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ಬ್ಯಾಡ,” ಎಂದಳು. “ಹಳೇ ಅಳತೆಗೇ ಹೊಲಿ.”

ಹೊಲಿದೆ. ತಾತನ ಎಲೆಯ ಪಕ್ಕ ಇನ್ನೊಂದು ಎಲೆ ಬಿತ್ತು. ಕಡುಬು, ಕೋಳಿ ಸಾರು, ಒಂದು ಕಟ್ಟು ಬೀಡಿ. ಚಿಕ್ಕಪ್ಪ ಬೀಡಿ ಸೇದುತ್ತಿದ್ದ ಎಂದು ಅಜ್ಜಿಗೆ ಗೊತ್ತಿತ್ತು ಎಂಬುದು ಅಪ್ಪನಿಗೆ ಅಂದೇ ಗೊತ್ತಾದದ್ದು. ಬಾಗಿಲು ಎಳೆದು ಎಲ್ಲರೂ ಹೊರಗೆ ನಿಂತೆವು, ಕೆಮ್ಮಿದೆವು, ತೆಗೆದೆವು.

ಎಡೆಗೆ ಇಟ್ಟ ಬಟ್ಟೆಯನ್ನು ಆಮೇಲೆ ಮನೆಯವರೇ ಯಾರಾದರೂ ಉಡಬೇಕು. ಅಂಗಿ ತೊಡುವ ಗಂಡಸು ಎಂದರೆ ಮನೆಯಲ್ಲಿ ಅಪ್ಪನೊಬ್ಬನೇ. ತೋಳು ಏರಿಸಲು ಅಮ್ಮ ಸಹಾಯ ಮಾಡಬೇಕಾಯಿತು. ಗುಂಡಿ ಹಾಕಲು ಅಪ್ಪ ಉಸಿರನ್ನೆಲ್ಲ ಹೊರಗೆ ಬಿಟ್ಟ, ಮತ್ತೆ ಒಳಗೆ ತೆಗೆದುಕೊಂಡದ್ದನ್ನು ನಾನು ನೋಡಲಿಲ್ಲ. ಊಟಕ್ಕೆ ನೆಟ್ಟಗೆ ಕೂತ, ಹಲಗೆ ನುಂಗಿದವನ ಹಾಗೆ.

“ಬಿಗಿಯಾಗ್ತೈತಲ್ಲ, ಬಿಚ್ಚಾಕು ಮಗ,” ಎಂದಳು ಅಜ್ಜಿ.

“ಇಲ್ಲ ಕಣವ್ವ. ಸರಿಯಾಗೈತೆ.”

ಅವನು ಎಲೆಗೆ ಬಾಗಿದಾಗ ಕಂಕುಳ ಹತ್ತಿರ ನನ್ನ ಹೊಲಿಗೆ ಪರ್ ಎಂದದ್ದು ನನಗೆ ಕೇಳಿಸಿತು. ಎಲ್ಲರಿಗೂ ಕೇಳಿಸಿರಬೇಕು. ಅಪ್ಪ ತಲೆ ಎತ್ತಲಿಲ್ಲ. ಅಜ್ಜಿ ಇನ್ನೊಂದು ಕಡುಬು ಹಾಕಿ, ಮೇಲೆ ಸಾರು ಬಿಟ್ಟಳು.